ಬಾಗಿಲ ಮೇಲಿನ ಕಣ್ಣು

ಎರಡನೆಯ ಬೆಳ್ಳಿಕಣ್ಣನ್ನೂ ಜೇನುಮೇಣ ಹಚ್ಚಿ ಕಾಳಿಯ ಕಲ್ಲುಮುಖಕ್ಕೆ ಒತ್ತಿದ ಜನಾರ್ದನ ಭಟ್ಟರು, "ಗಾನಶ್ರೀ, ಒಳಗೆ ಬಂದು ನೋಡು ಮಾರಾಯ್ತಿ, ಕಣ್ಣು ಸಮ ಕೂತಿದ್ಯಾ?" ಎಂದು ಕರೆದರು.

ಆರು ವರ್ಷದ ಮೊಮ್ಮಗಳು ಗುಡಿಯ ಹೊಸ್ತಿಲಲ್ಲೇ ನಿಂತಳು. ಅಂಗಳಕ್ಕೆ ಕಾಡಾನೆ ನುಗ್ಗಿ ಹೋದಂದಿನಿಂದ ಅವಳಿಗೆ ಎಲ್ಲದಕ್ಕೂ ಭಯ. ನಾಲಿಗೆ ಚಾಚಿ ಕೋರೆಹಲ್ಲು ತೋರಿಸುವ ಈ ದೇವಿಯೆಂದರೆ ಇನ್ನೂ ಭಯ.

"ಅವಳು ನನ್ನನ್ನೇ ದುರುಗುಟ್ಕೊಂಡು ನೋಡ್ತಾಳೆ, ಅಜ್ಜ."

"ಹತ್ರ ಬಂದು ಸರಿಯಾಗಿ ನೋಡು. ನಿನ್ನನ್ನಾ?"

ಗಾನಶ್ರೀ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಆ ಕಣ್ಣುಗಳನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿಯೇ ಅಂಟಿಸುವುದು ಭಟ್ಟರ ಅಪ್ಪನ ಕಾಲದಿಂದ ಬಂದ ಪದ್ಧತಿ. ದೇವಿಯ ನೋಟ ಅವಳ ತಲೆಯ ಮೇಲಿಂದ ಹಾದುಹೋಗಿತ್ತು. ಅವಳು ಹಿಂತಿರುಗಿದಳು. ಅಲ್ಲಿ ತೆರೆದ ಬಾಗಿಲು, ಅದರಾಚೆ ಆನೆ ಇಳಿದು ಬಂದಿದ್ದ ಕಾಫಿ ತೋಟ.

"ನನ್ನನ್ನಲ್ಲ ಅಜ್ಜ! ಬಾಗಿಲನ್ನ ನೋಡ್ತಿದ್ದಾಳೆ."

"ಮತ್ತೆ? ಮಕ್ಕಳು ಒಳಗಿದ್ರೆ ತಾಯಿಗೆ ಬಾಗಿಲ ಮೇಲೇ ಕಣ್ಣು."

ಗಾನಶ್ರೀ ಸರಸರನೆ ಹೋಗಿ ದೇವಿಯ ಪೀಠಕ್ಕೆ ಒರಗಿ ಕೂತಳು. ದೇವರಿಗೆ ಬೆನ್ನು ತೋರಿಸಿದರೆ ಎಂಥವರನ್ನೂ ಗದರುವ ಭಟ್ಟರು ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಅವಳು ತೋಟದ ಕಡೆ ಕಣ್ಣರಳಿಸಿ, ತನ್ನ ಪುಟ್ಟ ನಾಲಿಗೆಯನ್ನೂ ಉದ್ದಕ್ಕೆ ಹೊರಚಾಚಿದಳು.