ಲೈನ್ ಬಿಡಬೇಡಿ

“ಶುಕ್ರವಾರದೊಳಗೆ ದೂರು ವಾಪಸ್ ತಗೋ. ಇಲ್ಲಾಂದ್ರೆ ನಿನ್ನಕ್ಕ ಬಿದ್ದಿದ್ದ ಹಾಗೆ ನೀನೂ ಮೆಟ್ಟಿಲ ಮೇಲೆ ಬಿದ್ದಿರ್ತೀಯ, ಕರುಳು ಹೊರಗೆ.”

ರಿಸೀವರಿನಲ್ಲಿ ಬಂದ ದನಿಗೆ ಬಟ್ಟೆ ಸುತ್ತಿತ್ತು. ಬಟ್ಟೆ ಹೊಲಿಯುವ ಹುಡುಗಿ ಫೋನಿನ ಪಕ್ಕದ ಕೆಂಪು ಗುಂಡಿ ಒತ್ತಿದಳು.

ಭೂಮಂಡಲದ ಯಾವ ಸಂಕೋಲೆಯೂ ಆ ಗುಂಡಿಯಷ್ಟು ಗಟ್ಟಿಯಿಲ್ಲ. ಒಮ್ಮೆ ಒತ್ತಿದರೆ ಮುಗಿಯಿತು. ಕರೆ ಮಾಡಿದವನು ಫೋನ್ ಇಟ್ಟರೂ, ಕುಕ್ಕಿದರೂ, ಅದರ ಮೇಲೆ ಆನೆಯನ್ನೇ ಕೂರಿಸಿದರೂ ಲೈನ್ ಕಡಿಯದು. ಇವಳು ರಿಸೀವರ್ ಕೆಳಗಿಡುವ ತನಕ ಅವನ ಫೋನು ಇವಳ ಫೋನಿಗೇ ಗಂಟುಬಿದ್ದಿರುತ್ತದೆ. ಅಷ್ಟರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಗಂಟೆ ಬಡಿದು, ಮೆಕ್ಯಾನಿಕ್ ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಿಂದೆ ಹಿಂದೆ ಹೋಗಿ ಕರೆಯ ಬುಡ ಹಿಡಿಯುತ್ತಾನೆ.

ಆರು ತಿಂಗಳ ಹಿಂದೆ ಅವಳ ಅಕ್ಕನನ್ನು ಅಕ್ಕನ ಮನೆಯಲ್ಲೇ ಯಾರೋ ಇರಿದಿದ್ದರು. ಎರಡು ಗಂಟೆ ನೆತ್ತರು ಹರಿದು ಸತ್ತಿದ್ದಳು. ಭಾವನನ್ನು ಮೂರು ದಿನ ವಿಚಾರಿಸಿ, ಸಾಕ್ಷಿಯಿಲ್ಲವೆಂದು ಬಿಟ್ಟರು. ತಂಗಿ ಹೊಸದಾಗಿ ದೂರು ಕೊಟ್ಟಿದ್ದೇ ತಡ, ದಿನಾ ನಾಲ್ಕಕ್ಕೆ ಈ ಕರೆ. ಸೂರ್ಯ ಕೂಡ ಅದನ್ನು ಕೇಳಿಸಿಕೊಂಡೇ ಪಡುವಣಕ್ಕೆ ವಾಲುತ್ತಿದ್ದ.

“ದನಿ ಗುರುತು ಸಿಗ್ತೇನಮ್ಮ?” ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರ್ ಪಿಸುಗುಟ್ಟಿದ.

“ಬಾಯಿಗೆ ಬಟ್ಟೆ ಕಟ್ಕೊಂಡಿದಾನೆ ಸಾರ್.”

“ನಿಮ್ಮಣ್ಣ ಎಲ್ಲಿ? ಈ ಗುಂಡಿ ಹಾಕಿಸಿ ಅಂತ ನನ್ನ ಟೇಬಲ್ ಮುರಿಯೋ ಹಾಗೆ ಗುದ್ದಿದ್ದ. ಇವತ್ತು ನೋಡಿದ್ರೆ ನಾಪತ್ತೆ!”

“ಕೆಲಸಕ್ಕೆ ಹೋಗಿದಾನೆ. ಮುಗಿಸ್ಕೊಂಡೇ ಬರ್ತಾನೆ.”

ಅತ್ತ ಫೋನ್ ಇಟ್ಟ ಸದ್ದಾಯಿತು. ಇತ್ತ ಅವಳು ಇಡಲಿಲ್ಲ.

ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಓಡುತ್ತಿದ್ದ. ಎರಡಾಳೆತ್ತರದ ಕಬ್ಬಿಣದ ಕಪಾಟುಗಳು, ಅವುಗಳೊಳಗೆ ಆಕಾಶದ ನಕ್ಷತ್ರಗಳಿಗಿಂತ ನಾಲ್ಕು ಹೆಚ್ಚೇ ಸ್ವಿಚ್ಚುಗಳು. ಏಣಿ ಹತ್ತಿದ, ಇಳಿದ, ಮೊಣಕಾಲು ತರಚಿಕೊಂಡ, ತನ್ನ ಏಳು ತಲೆಮಾರಿನ ಮೇಲಧಿಕಾರಿಗಳನ್ನು ಬೈದ.

ಹತ್ತು ನಿಮಿಷ ಕಳೆಯಿತು. ರಿಸೀವರಿನಲ್ಲಿ ಮತ್ತೆ ಜೀವ ಬಂತು. ಹುಡುಗಿ ಅದನ್ನು ಕಿವಿಗೆ ಒತ್ತಿಕೊಂಡಳು.

“ಏನಂತಾನೆ?”

“ಫೋನ್ ಇಡು ಅಂತಾನೆ.”

“ಆಹಾ! ಸಿಕ್ಕಿಬಿದ್ದಿದ್ದು ಗೊತ್ತಾಯ್ತು ನೋಡಿ ಬಡ್ಡೀಮಗನಿಗೆ!”

“ಡಯಲ್ ತಿರುಗಿಸ್ತಿದಾನೆ ಸಾರ್. ತಿರುಗಿಸ್ತಾನೇ ಇದಾನೆ.”

“ಬೆರಳು ಸವೆಯೋ ತನಕ ತಿರುಗಿಸ್ಲಿ. ಎಲ್ಲಿಗೂ ಹೋಗಲ್ಲ.”

“ಈಗ ಬೇಡ್ಕೋತಿದಾನೆ. ತಾಯೀ, ನಿನ್ನ ಕಾಲಿಗೆ ಬೀಳ್ತೀನಿ ಅಂತಿದಾನೆ.”

“ಕರಗಿಬಿಟ್ಟೀರಾ, ಜೋಕೆ! ಲೈನ್ ಬಿಡಬೇಡಿ.”

“ನೀವು ಹೇಳೋ ತನಕ ಬಿಡಲ್ಲ ಸಾರ್.”

ಇಪ್ಪತ್ತೈದನೆಯ ನಿಮಿಷಕ್ಕೆ ವೈರ್‌ಲೆಸ್ ಗರಗರ ಎಂದಿತು. ಮೆಕ್ಯಾನಿಕ್ ಏದುಸಿರಿನಲ್ಲಿ ನಂಬರು ಹೇಳಿದ, ವಿಳಾಸ ಹೇಳಿದ. ಊರಾಚೆ, ಕಲ್ಲುಕ್ವಾರಿಯ ಪಕ್ಕದ ಒಂಟಿ ಮನೆ. ಇನ್ಸ್‌ಪೆಕ್ಟರನ ಮೀಸೆ ಎರಡಂಗುಲ ಮೇಲೆದ್ದಿತು.

“ನಿಮ್ಮ ಭಾವನ ಮನೆ ಕಣಮ್ಮ! ಹೆಂಡ್ತೀನ ಕೊಂದು, ನಮ್ಮೆದುರು ಎದೆ ಬಡ್ಕೊಂಡು ಅತ್ತನಲ್ಲ!”

“ಹೋಗಿ ಸಾರ್.”

ಜೀಪು ಗಾಳಿಯನ್ನೇ ಹಿಂದೆ ಹಾಕಿತು. ಆ ಮನೆಯ ಬಾಗಿಲು ಮಾತ್ರ ಆಗಲೇ ಯಾರೋ ಒದ್ದಂತೆ ಮುರಿದುಬಿದ್ದಿತ್ತು. ಒಳಗೆ ಒಂದು ಕೆರೆಯಷ್ಟು ನೆತ್ತರು. ಭಾವ ಅದರಲ್ಲಿ ಬೋರಲು ಬಿದ್ದಿದ್ದ, ಹೊಟ್ಟೆಗೆ ಮೂರು ಇರಿತ. ಒಂದು ಕೈಯಲ್ಲಿ ರಿಸೀವರು. ಡಯಲಿನ ತೂತುಗಳೆಲ್ಲ ಕೆಂಪು. ಪಕ್ಕದಲ್ಲಿ ಆಸ್ಪತ್ರೆಯ ನಂಬರಿನ ಪುಟ ತೆರೆದ ಡೈರೆಕ್ಟರಿ.

ಹಿಂದೆಯೇ ಬಂದ ಡಾಕ್ಟರು ನಾಡಿ ನೋಡಿ ತಲೆಯಾಡಿಸಿದರು. “ಅರ್ಧ ಗಂಟೆ ಮುಂಚೆ ಒಂದು ಫೋನ್ ಬಂದಿದ್ರೆ ಉಳಿಸ್ತಿದ್ದೆ.”

ಇನ್ಸ್‌ಪೆಕ್ಟರ್ ಹೆಣದ ಬೆರಳು ಬಿಡಿಸಿ ರಿಸೀವರ್ ಕಿವಿಗಿಟ್ಟ. ಆ ತುದಿಯಲ್ಲಿ ನಿಧಾನದ ಉಸಿರು.

“ನಾನಮ್ಮ. ಇನ್ನು ಇಡಬಹುದು.”

“ಪೂರ್ತಿ ಹೋದನಾ ಸಾರ್?” ಎಂದು ಕೇಳಿ ಅವಳು ಫೋನಿಟ್ಟಳು.

ದನಿ ಭಾವನದೆಂದು ಅಣ್ಣ ತಂಗಿ ಇಬ್ಬರಿಗೂ ಮೊದಲ ದಿನವೇ ಗೊತ್ತಿತ್ತು. ಅವರು ಗುಂಡಿ ಹಾಕಿಸಿದ್ದು, ಅಣ್ಣನ ಇರಿತ ತಿಂದವನು ಯಾವ ಡಾಕ್ಟರಿಗೂ ಫೋನ್ ಮಾಡಬಾರದೆಂದು.