ತಿಳಿಗನ್ನಡದಲ್ಲಿ ಹೇಳುವುದಾದರೆ

ಶಾಲು ಹೊದಿಸಿ, ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟು, ಫೋಟೋ ತೆಗೆದಾದ ಮೇಲೆ ಮೈಕು ಸಿದ್ರಾಮನ ಮುಂದೆ ಬಂತು. ತುರ್ಭೆಯ ಗೋದಾಮಿನಲ್ಲಿ ಮೂಟೆ ಹೊರುವ ಅವನನ್ನು ಡೊಂಬಿವಲಿಯ ಕನ್ನಡ ಸಂಘದವರು ಈ ವರ್ಷದ 'ಬಹುತ್ವ ಸಂಭ್ರಮ'ಕ್ಕೆ ಶ್ರಮಿಕ ಕನ್ನಡಿಗನೆಂದು ಆರಿಸಿದ್ದರು. ಪ್ಯಾಂಟು ಬೇಡ, ಧೋತರ ಉಟ್ಟು ರುಮಾಲು ಸುತ್ತಿಕೊಂಡೇ ಬರಬೇಕೆಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಸಿದ್ರಾಮನಿಗೆ ಧೋತರ ಉಟ್ಟು ರೂಢಿಯೇ ಇಲ್ಲ. ಪಕ್ಕದ ಮನೆಯ ಮುದುಕ ಹಣಮಂತ್ರಾಯನಿಂದ ಎರಡನ್ನೂ ಕೇಳಿ ತಂದಿದ್ದ. ಲೋಕಲ್ ರೈಲಿನ ನೂಕಾಟದಲ್ಲಿ ಧೋತರ ಉಳಿಸಿಕೊಂಡು ಇಳಿಯುವಷ್ಟರಲ್ಲಿ ಸಾಕುಸಾಕಾಗಿತ್ತು.

ಬಂದದ್ದು ಶಾಲಿಗಲ್ಲ. "ಕೀಲಿ ತಗೊಂಡೇ ಬಾ ಅಪ್ಪ," ಎಂದು ಮಗಳು ಜ್ಯೋತಿ ಅರ್ಜಿ ಬರೆದು ಜೇಬಿಗೆ ತುರುಕಿ ಕಳಿಸಿದ್ದಳು.

"ಎಲ್ಲಾರಿಗೂ ನಮಸ್ಕಾರ್ರಿ. ನಾ ಭಾಷಣ ಮಾಡಾಂವ ಅಲ್ರಿ," ಎಂದ ಸಿದ್ರಾಮ. "ತುರ್ಭೆದಾಗ ನಿಮ್ಮ ಸಂಘದ್ದು ಒಂದು ಖೋಲಿ ಅದ. ಸಂಜಿಮುಂದ ಅಲ್ಲಿ ನಮ್ಮ ಹುಡುಗ್ರಿಗಿ ಕನ್ನಡ ಕಲಸ್ತಿದ್ರಿ. ಜೂನ್‌ದಾಗ ಬಂದ್ ಮಾಡಿ ಕೀಲಿ ಹಾಕೀರಿ. ಈಗ ಅದ್ರಾಗ ಕುರ್ಚಿ, ಪರದಾ ತುಂಬೀರಿ. ಕಲಸ್ಲಿಕ್ಕ ನಮ್ಮ ಓಣಿ ಅನಿಲಕುಮಾರ ತಯಾರ ಅದಾನ, ಪಗಾರ ಬ್ಯಾಡ ಅಂತಾನ. ಕೀಲಿ ಒಂದು ಕೊಡ್ರಿ, ಸಾಕು."

ಮುಂದಿನ ಸಾಲಿನಲ್ಲಿ ಅಧ್ಯಕ್ಷ ಶಂಭಣ್ಣನ ಮೊಮ್ಮಗ ಸಮಿತ್ ತಾಯಿಯ ಸೆರಗು ಜಗ್ಗಿದ. "ಮಮ್ಮಿ, ಯೇ ಕ್ಯಾ ಬೋಲ್ ರಹಾ ಹೈ?"

ಸಭೆ ನಕ್ಕಿತು. ನಿರೂಪಣೆಯ ಸೌಜನ್ಯ ರೇಷ್ಮೆ ಸೀರೆ ಸರಿಪಡಿಸಿಕೊಂಡು ಮೈಕಿನ ಹತ್ತಿರ ಬಂದಳು. "ಎಂಥ ಸೊಗಡಿನ ಮಾತು! ಆದರೆ ನಮ್ಮಲ್ಲಿ ಕೆಲವರಿಗೆ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ತಿಳಿಗನ್ನಡದಲ್ಲಿ ಹೇಳುವುದಾದರೆ, ತುರ್ಭೆಯ ಮಕ್ಕಳಿಗೆ ಕನ್ನಡದ ಬೆಳಕು ನೀಡಿದ ನಮ್ಮ ಸಂಘಕ್ಕೆ ಅವರು ಸದಾ ಋಣಿಗಳು. ಅಲ್ಲಿನ ನಮ್ಮ ಬಾಂಧವರೆಲ್ಲ ಬಹಳ ಸಂತೋಷದಿಂದ ಇದ್ದಾರಂತೆ!"

ಚಪ್ಪಾಳೆ ಬಿತ್ತು. ಸಮಿತನೂ ಚಪ್ಪಾಳೆ ತಟ್ಟಿದ.

"ಹಂಗಲ್ರೀ ಅಕ್ಕಾರ, ನಾ ಅಂದಿದ್ದು ಕೀಲಿ..."

"ಮಾತೇ ಹೊರಡುತ್ತಿಲ್ಲ ಅವರಿಗೆ, ಹೃದಯ ತುಂಬಿ ಬಂದಿದೆ!" ಎಂದು ಸೌಜನ್ಯ ನಯವಾಗಿ ಮೈಕು ತಿರುಗಿಸಿಕೊಂಡಳು. ಆಗಲೇ ಪರದೆಯ ಹಿಂದೆ ಲಂಬಾಣಿ ಲಂಗದ ಗೆಜ್ಜೆಗಳು ಝಣಗುಟ್ಟುತ್ತಿದ್ದವು. ಉಡುಪಿ ಕಡೆಯ ಮನೆಗಳ ಹುಡುಗಿಯರು ಕುಣಿಯಲು ತುದಿಗಾಲಲ್ಲಿ ನಿಂತಿದ್ದರು. ಸಿದ್ರಾಮ ಹಣ್ಣಿನ ಬುಟ್ಟಿ ಹಿಡಿದು ಇಳಿದ.

ಊಟದ ಹೊತ್ತಿಗೆ ಅವನು ಶಂಭಣ್ಣನನ್ನು ಹಿಡಿದ. ಪಕ್ಕದಲ್ಲೇ ಸೌಜನ್ಯ ತಟ್ಟೆಯಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದಳು. ಅದೂ ಈ ದಿನದ ವಿಶೇಷವೇ. ಸ್ಟೇಷನ್ ಎದುರು ಹೋಟೆಲು ನಡೆಸುವ ಶಂಭಣ್ಣ ಅರ್ಜಿಯ ಮೇಲೆ ಕಣ್ಣಾಡಿಸಿ, ಮಡಚಿ, ಮರಳಿ ಅವನ ಕೈಗೇ ಇಟ್ಟರು.

"ಎಂತ ಮಾರಾಯ್ರೆ! ಸಂತೋಷ ಅಂತ ಸ್ಟೇಜಿನ ಮೇಲೆ ನೀವೇ ಹೇಳಿದ್ದಲ್ವಾ? ಪೇಪರಿನವರು ಬರ್ಕೊಂಡೂ ಆಯ್ತು. ಈಗ ತಕರಾರು ಕೊಟ್ಟರೆ ನಾನು ಯಾವ ಸಿದ್ರಾಮನನ್ನು ನಂಬುವುದು?"

"ಅದು ನಾ ಹೇಳಿದ್ದಲ್ರಿ. ಅಕ್ಕಾರು ಹೇಳಿದ್ದು."

"ಅವಳು ಚಂದ ಮಾಡಿ ಹೇಳಿದ್ದು, ಅಷ್ಟೇ. ಮತ್ತೆ ನೋಡಿ, ಆ ಖೋಲಿ ಬಿಟ್ಟುಕೊಟ್ಟರೆ ಈ ಕುರ್ಚಿ, ಕಂಬ, ಪರದೆ ಎಲ್ಲ ನನ್ನ ತಲೆ ಮೇಲೆ ಇಟ್ಕೊಳ್ಳುವುದಾ? ಮುಂದಿನ ವರ್ಷ ನಿಮ್ಮಂಥವರಿಗೆ ಸನ್ಮಾನ ಮಾಡುವುದು ಬೇಡ್ವಾ?"

ಸಿದ್ರಾಮ ಅರ್ಜಿಯನ್ನು ಜೇಬಿಗಿಟ್ಟ. ರುಮಾಲು ಬಿಚ್ಚಿ ನಿಧಾನಕ್ಕೆ ಮಡಚಿದ; ಹಣಮಂತ್ರಾಯನಿಗೆ ಹಾಗೇ ಮುಟ್ಟಿಸಬೇಕಿತ್ತು.

"ಆತು ಬಿಡ್ರಿ ಸಾಹೇಬ್ರ, ಕೀಲಿ ಬ್ಯಾಡ. ಈ ಅಕ್ಕಾರಿಗಿ ಒಂದು ತಾಸು ನನ್ನ ಜೋಡಿ ತುರ್ಭೆಕ ಕಳಸ್ರಿ. ನಾವು ಸಂತೋಷದಾಗ ಇದ್ದೀವಿ ಅಂತ ಮನ್ಯಾಗ ನನ್ನ ಮಗಳಿಗಿ ಇನ್ನಾ ಗೊತ್ತಿಲ್ಲ. ನಾ ಹೇಳಿದ್ರ ಆಕಿ ನಂಬಂಗಿಲ್ಲ. ಇವ್ರೇ ಬಂದು ತಿಳಿಗನ್ನಡದಾಗ ಹೇಳ್ಲಿ."