ಭರವಸೆ ನೀಡಿದರು

ನಮ್ಮೂರಲ್ಲಿ ವರದಿ ಮೊದಲು, ಘಟನೆ ಆಮೇಲೆ. ಬರೆದದ್ದು ಬರೆದ ಹಾಗೇ ನಡೆಯುತ್ತದೆ. ಹಾಗಾಗಿ ಭಾನುವಾರದ ಓಣಿ ಸಮ್ಮೇಳನದ ತಯಾರಿಗೆ, ಪಗಾರವಿಲ್ಲದೆ ವರದಿ ಬರೆಯುವ ನನ್ನನ್ನೂ ಹಿರಿಯ ವರದಿಗಾರ ಗುರುಶಾಂತಪ್ಪನವರನ್ನೂ ಓಣಿಯವರು ಕರೆದಿದ್ದರು. ಗುರುಶಾಂತಪ್ಪ ಬರೆದು ಓದಿದರು: "ನಲ್ಲಿಗೆ ನೀರು ಬಿಡುವುದಾಗಿ ಎಂಜಿನಿಯರ್ ಭರವಸೆ ನೀಡಿದರು."

"ಹೋದ ವರ್ಷನೂ ಹಿಂಗ ಬರದ್ರಿ," ಅಂದಳು ಎದುರುಮನೆಯ ಬೀಬಿಜಾನ್. "ಅವ್ರು ಭರವಸೆ ಕೊಟ್ರು, ಚಾ ಕುಡದು ಹೋದ್ರು. ನಾವು ಇನ್ನೂ ಟ್ಯಾಂಕರ್ ಹಿಂದ ಓಡಾಕತ್ತೀವಿ."

"ವರದಿಗೆ ಅದರದ ಒಂದು ಭಾಷಾ ಐತಿ, ಯವ್ವಾ," ಅಂದರು ಗುರುಶಾಂತಪ್ಪ.

"ಆ ಭಾಷಾ ಕುಡ್ಯಾಕ ಬರ್ತೈತೇನು, ಕಾಕಾ?"

ಎಲ್ಲರೂ ನಕ್ಕರು. ನಾನು ಆ ಸಾಲು ಹೊಡೆದುಹಾಕಿ, "ಓಣಿಯ ಎಲ್ಲ ಮನೆಗೂ ನೀರು ಬಂತು" ಎಂದು ಬರೆದೆ.

ಗುರುಶಾಂತಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಒಂದ ದಿನ ಬಂದು ನಿಂತೀತು," ಎಂದರು ನನ್ನತ್ತ ತಿರುಗಿ. "'ದಿನಾಲೂ' ಅಂತ ಸೇರಸವ್ವ."